ಹೆಂಟಿ ಮನೆತನದ ಕಾಗದಗಳು

ಹಳೆಯ ಮನೆಗಳ ಅಟ್ಟದ ಮೇಲೆ ಕಡತ, ಖಾತೆಪುಸ್ತಕ, ಕಾಗದಪತ್ರಗಳ ಗಂಟು ಇರುವುದು ನಮಗೆ ಹೊಸದಲ್ಲ. ಅಂಥ ಗಂಟೊಂದು ಇಡೀ ಪ್ರಾಂತದ ಚರಿತ್ರೆಗೇ ಆಧಾರವಾಗುವುದುಂಟು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಪಶ್ಚಿಮ ಸೀಮೆಗೆ ಮೊದಲು ನೆಲಸಲು ಬಂದ ಹೆಂಟಿ ಮನೆತನದ ಕಾಗದಗಳು ಈ ಬಗೆಯವು. ಅವನ್ನು ಈಗ ಮೆಲ್ಬರ್ನಿನ ರಾಜ್ಯ ಗ್ರಂಥಾಲಯದಲ್ಲಿ ಕಾಪಾಡಿದ್ದಾರೆ.

ಥಾಮಸ್ ಹೆಂಟಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ ಮೆರಿನೊ ಕುರಿಗಳನ್ನು ಸಾಕಿ ಹೆಸರಾದವನು. ಅವನ ಮಕ್ಕಳಲ್ಲಿ ಮೂವರು 1829ರಲ್ಲಿ ಪಶ್ಚಿಮ ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿಯ ನೆಲ ಅವರಿಗೆ ಹಿಡಿಸಲಿಲ್ಲ. ಟಾಸ್ಮೇನಿಯಕ್ಕೆ ಬಂದರೆ, ಅಲ್ಲಿ ಪುಕ್ಕಟೆಯಾಗಿ ಭೂಮಿ ಕೊಡುವ ಪದ್ಧತಿಯೇ ನಿಂತುಹೋಗಿತ್ತು. ಕಡೆಗೆ 1834ರ ನವೆಂಬರ್ 19ರಂದು ಇನ್ನೊಬ್ಬ ಮಗ ಎಡ್ವರ್ಡ್, ಸರ್ಕಾರದ ಅಪ್ಪಣೆಯಿಲ್ಲದೆಯೇ ಪೋರ್ಟ್‌ಲೆಂಡ್ ಕೊಲ್ಲಿಯಲ್ಲಿ ಬಂದಿಳಿದ. ಉಳುಮೆ, ಕುರಿ ಸಾಕಣೆ, ತಿಮಿಂಗಿಲ ಬೇಟೆ ಎಲ್ಲವೂ ಮೊದಲಾದುವು. 1836ರಲ್ಲಿ ಒಳನಾಡನ್ನು ಅಳೆಯುತ್ತ ಬಂದ ಮೇಜರ್ ಮಿಚೆಲ್, ಈ ಕಡಲತೀರದಲ್ಲಿ ಮನೆಗಳನ್ನೂ ಹಡಗನ್ನೂ ಕಂಡು ಬೆರಗಾದನಂತೆ!

ಎಡ್ವರ್ಡ್ ದಿನಚರಿ ಬರೆಯುತ್ತಿದ್ದ. ಅದರಲ್ಲಿ 1835ರ ಅಕ್ಟೋಬರಿನಲ್ಲಿ ಒಂದು ಜಾಗದ ಹೆಸರು ಬರುತ್ತದೆ: ‘ಕನ್ವಿನ್ಸಿಂಗ್ ಗ್ರೌಂಡ್’, ಎಂದರೆ ಮನಗಾಣಿಸಿದ ನೆಲ. ಯಾರು ಯಾರಿಗೆ ಏನನ್ನು ಮನಗಾಣಿಸಿದರು? ಉತ್ತರ ದೊರೆಯುವುದು ಮೂಲನಿವಾಸಿಗಳ ರಕ್ಷಣಾಧಿಕಾರಿಯಾಗಿದ್ದ ರಾಬಿನ್ಸನ್ನನ 1841ರ ದಿನಚರಿಯಲ್ಲಿ. ದಡಕ್ಕೆ ಬಿದ್ದ ತಿಮಿಂಗಿಲ ಯಾರದೆಂಬ ಜಗಳದಲ್ಲಿ ಬೇಟೆಗಾರರು ಅಲ್ಲಿಯ ಗುಂಡಿಟ್ಜ್‌ಮಾರ ಜನರ ಮೇಲೆ ಗುಂಡು ಹಾರಿಸಿದ್ದರು. ಇದು ನಡೆದದ್ದು 1833ರಲ್ಲೋ 1834ರಲ್ಲೋ, ಸತ್ತವರೆಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಈ ಸಂಗತಿಯನ್ನು ರಾಬಿನ್ಸನ್ನನಿಗೆ ತಿಳಿಸಿದವರಲ್ಲಿ ಎಡ್ವರ್ಡ್ ಹೆಂಟಿಯೂ ಒಬ್ಬನೆಂಬುದು ಗಮನಾರ್ಹ.

ಮನೆತನದ ಕಾಗದಗಳನ್ನು ಓದುವಾಗ ಈ ಎಚ್ಚರ ಬೇಕು. ಅವು ಸುಳ್ಳು ಹೇಳುತ್ತವೆಂದಲ್ಲ. ಬರೆದವನಿಗೆ ತಿಳಿದ ವಿಷಯವನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರ ಬರಹವನ್ನಿಟ್ಟು ನೋಡಿದಾಗಲೇ ಒಂದು ಹೆಸರಿನ ಹಿಂದಿರುವ ರಕ್ತ ಕಾಣುತ್ತದೆ.

ಗುಂಡಿಟ್ಜ್‌ಮಾರರ ಬಳಿ ದಿನಚರಿಗಳಿರಲಿಲ್ಲ. ಆದರೆ ಹಾವುಮೀನು ಹಿಡಿಯಲು ಅವರ ಪೂರ್ವಜರು ಸಾವಿರಾರು ವರ್ಷಗಳ ಹಿಂದೆಯೇ ಕಟ್ಟಿದ ಕಲ್ಲಿನ ಕಾಲುವೆಗಳು ಇವೆ. 2007ರಲ್ಲಿ ನ್ಯಾಯಾಲಯ ಆ ನೆಲದ ಮೇಲೆ ಅವರಿಗಿರುವ ಹಕ್ಕನ್ನು ಮಾನ್ಯಮಾಡಿತು. 2019ರಲ್ಲಿ ಆ ಕಾಲುವೆಗಳಿರುವ ಬಡ್ಜ್ ಬಿಮ್ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೆಂಟಿಗಳ ಕಾಗದಗಳ ಜೊತೆಗೆ ಓದಬೇಕಾದ ಇನ್ನೊಂದು ದಾಖಲೆ ಅದು.