ಹಿಮದಲ್ಲಿ ಜಾರಿ ಬಿದ್ದರೆ ಹೊಣೆ ಯಾರದು?

ಅಮೆರಿಕದ ಈಶಾನ್ಯ ಭಾಗದಲ್ಲಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಚಳಿಗಾಲವೆಂದರೆ ಹಿಮದೊಡನೆ ನಿತ್ಯದ ಹೋರಾಟ. ಹಗಲಿನಲ್ಲಿ ಕರಗಿದ ಹಿಮ ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಕಾಲಿಟ್ಟವರ ಸೊಂಟವೋ ಮಣಿಕಟ್ಟೋ ಮುರಿಯಲು ಒಂದು ಕ್ಷಣ ಸಾಕು. ಹೀಗೆ ಇನ್ನೊಬ್ಬರ ಜಾಗದಲ್ಲಿ ಬಿದ್ದವರ ನೋವಿಗೆ ಹೊಣೆ ಪ್ರಕೃತಿಯೋ, ಜಾಗದ ಒಡೆಯನೋ? ಈ ಪ್ರಶ್ನೆಗೆ ತಾನು ಕೊಟ್ಟಿದ್ದ ಉತ್ತರವನ್ನು ತಿದ್ದಿಕೊಳ್ಳಲು ಅಲ್ಲಿನ ನ್ಯಾಯಾಲಯಕ್ಕೆ 127 ವರ್ಷ ಹಿಡಿಯಿತು.

ಈ ಇತಿಹಾಸ ಆರಂಭವಾಗುವುದು 1883ರಲ್ಲಿ. ನಾಮ್‌ಕೀಗ್ ಎಂಬ ಹತ್ತಿ ಗಿರಣಿ ಕಂಪನಿಗೆ ಸೇರಿದ ಮನೆಯಲ್ಲಿ ಬಾಡಿಗೆಗಿದ್ದವರೊಬ್ಬರು ಹಿಮ ಕಟ್ಟಿದ ಮೆಟ್ಟಿಲ ಮೇಲೆ ಬಿದ್ದು, ಕಂಪನಿಯ ವಿರುದ್ಧ ದಾವೆ ಹೂಡಿದರು. ಸಹಜವಾಗಿ ಬಿದ್ದ ಹಿಮವನ್ನು ತೆಗೆಯುವ ಹೊಣೆ ಮನೆಯೊಡೆಯನದಲ್ಲ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯವಾದ ಸುಪ್ರೀಂ ಜುಡಿಷಿಯಲ್ ಕೋರ್ಟ್ ತೀರ್ಪಿತ್ತಿತು. ಬಾಡಿಗೆದಾರರ ಮಟ್ಟಿಗೆ ಹುಟ್ಟಿದ ಈ ನಿಯಮ ಕ್ರಮೇಣ ಅತಿಥಿಗಳಿಗೂ ಅಂಗಡಿಯ ಗ್ರಾಹಕರಿಗೂ ವಿಸ್ತರಿಸಿತು.

ಇದರಿಂದ ವಿಚಿತ್ರವಾದ ವಿಂಗಡಣೆಯೊಂದು ಬೆಳೆಯಿತು. ಆಕಾಶದಿಂದ ಬಿದ್ದು ಹಾಗೆಯೇ ಗಟ್ಟಿಯಾದ ಹಿಮ 'ಸಹಜ'. ಅದರ ಮೇಲೆ ಜಾರಿದವರಿಗೆ ಪರಿಹಾರವಿಲ್ಲ. ಛಾವಣಿಯ ಕೊಳವೆಯಿಂದ ಸುರಿದ ನೀರು ದಾರಿಯಲ್ಲಿ ಹೆಪ್ಪುಗಟ್ಟಿದರೆ ಅದು 'ಅಸಹಜ'. ಅದಕ್ಕೆ ಒಡೆಯ ಹೊಣೆ. ಬಿದ್ದವನ ಕಾಲು ಮುರಿದದ್ದು ಎರಡೂ ಕಡೆ ಒಂದೇ ರೀತಿ. ಆದರೆ ನ್ಯಾಯ ಬೇರೆ ಬೇರೆ. ಸಲಿಕೆ ಹಿಡಿದು ದಾರಿ ಬಿಡಿಸಲು ಹೊರಟವನಿಗೆ ತನ್ನ ಕೆಲಸದಿಂದಲೇ ಹಿಮ 'ಅಸಹಜ'ವಾದೀತೆಂಬ ಅಂಜಿಕೆ. ಏನೂ ಮಾಡದೆ ಕುಳಿತವನಿಗೆ ನಿಶ್ಚಿಂತೆ!

1973ರಲ್ಲಿ ಅದೇ ನ್ಯಾಯಾಲಯ, ತನ್ನ ಜಾಗಕ್ಕೆ ನ್ಯಾಯಬದ್ಧವಾಗಿ ಬರುವ ಎಲ್ಲರ ಬಗೆಗೂ ಒಡೆಯ ಸಮಂಜಸ ಎಚ್ಚರಿಕೆ ವಹಿಸಬೇಕೆಂದು ಸಾರಿತು. ಆದರೂ ಹಿಮದ ನಿಯಮ ಮಾತ್ರ ಕರಗಲಿಲ್ಲ.

2002ರ ಡಿಸೆಂಬರ್‌ನಲ್ಲಿ ಡ್ಯಾನ್ವರ್ಸ್ ಪಟ್ಟಣದ ದೊಡ್ಡ ಅಂಗಡಿಯೊಂದರ ವಾಹನ ನಿಲುಗಡೆಯ ಜಾಗದಲ್ಲಿ ಗ್ರಾಹಕರೊಬ್ಬರು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ಆ ಗಡ್ಡೆ ಪಕ್ಕದ ಹಿಮದ ರಾಶಿಯಿಂದ ಉರುಳಿದ್ದೋ, ರಾಶಿ ಕರಗಿ ಹೆಪ್ಪುಗಟ್ಟಿದ್ದೋ? ಹೇಗಿದ್ದರೂ ಅದು 'ಸಹಜ'ವೇ ಎಂದು ಕೆಳಗಿನ ನ್ಯಾಯಾಲಯಗಳು ದಾವೆಯನ್ನು ವಜಾ ಮಾಡಿದವು. 2010ರ ಜುಲೈನಲ್ಲಿ ಸುಪ್ರೀಂ ಜುಡಿಷಿಯಲ್ ಕೋರ್ಟ್ ಈ ವಿಂಗಡಣೆಯನ್ನೇ ಕಿತ್ತೊಗೆಯಿತು. ನ್ಯಾಯಮೂರ್ತಿ ರಾಲ್ಫ್ ಗ್ಯಾಂಟ್ಸ್ ಬರೆದ ಆ ತೀರ್ಪಿನ ಪ್ರಕಾರ ಹಿಮಕ್ಕೂ ಇತರ ಅಪಾಯಗಳಿಗೂ ಒಂದೇ ಅಳತೆಗೋಲು. ಎಷ್ಟು ಜನ ಓಡಾಡುತ್ತಾರೆ, ಅಪಾಯ ಎಷ್ಟು, ಹಿಮ ತೆಗೆಯುವ ಶ್ರಮ ಮತ್ತು ಖರ್ಚು ಎಷ್ಟು ಎಂಬುದನ್ನು ತೂಗಿ ನೋಡಬೇಕು. ಆದ್ದರಿಂದ ಒಂಟಿ ಮನೆಯವನಿಂದ ನಿರೀಕ್ಷಿಸುವಷ್ಟೇ ಎಚ್ಚರಿಕೆ ವೃದ್ಧರ ಶುಶ್ರೂಷಾಲಯಕ್ಕೆ ಸಾಲದೆ ಹೋಗಬಹುದು.

ಇದರರ್ಥ ಬಿದ್ದವರೆಲ್ಲ ಗೆಲ್ಲುತ್ತಾರೆಂದಲ್ಲ. ಅಪಘಾತದಲ್ಲಿ ಬಿದ್ದವನ ಅಜಾಗರೂಕತೆಯ ಪಾಲು ಅರ್ಧಕ್ಕಿಂತ ಹೆಚ್ಚಾದರೆ ಅವನಿಗೆ ಪರಿಹಾರ ಸಿಗದು. ಅಲ್ಲದೆ, ಬಿದ್ದ 30 ದಿನಗಳೊಳಗೆ ಒಡೆಯನಿಗೆ ಲಿಖಿತ ತಿಳಿವಳಿಕೆ ಕೊಡಬೇಕೆನ್ನುತ್ತದೆ ಅಲ್ಲಿನ ಶಾಸನ. ಬಾಸ್ಟನ್ ಸುತ್ತಮುತ್ತ ಮನೆ ಕೊಂಡು ನೆಲೆಸಿರುವ ಕನ್ನಡಿಗರಿಗೂ ಈ ನಿಯಮಗಳೇ ಅನ್ವಯ. ಹಿಮ ಬೀಳುವುದನ್ನು ಯಾರೂ ತಡೆಯಲಾರರು, ನಿಜ. ಆದರೆ ಬಾಗಿಲಿಗೆ ಬರುವವರಿಗಾಗಿ ದಾರಿಗೆ ಒಂದು ಹಿಡಿ ಉಪ್ಪು ಎರಚಬಲ್ಲವನು ಆ ಜಾಗದ ಒಡೆಯನೇ ಎಂಬುದನ್ನು ಕಾನೂನು ತಡವಾಗಿಯಾದರೂ ಒಪ್ಪಿಕೊಂಡಿತು.