ರಾಮನವಮಿಯ ಶುಂಠಿ ಪಾನಕವೂ ಮುಂಬಯಿ ನಗರವೂ

ಚೈತ್ರ ಶುದ್ಧ ನವಮಿಯ ಮಧ್ಯಾಹ್ನ ಶ್ರೀರಾಮದೇವರ ಜನ್ಮಕಾಲದ ಪೂಜೆ, ಮಂಗಳಾರತಿಗಳು ಮುಗಿದು ತೀರ್ಥ ಸ್ವೀಕಾರವಾದ ಬಳಿಕ ಭಕ್ತರ ಕೈಗೆ ಬರುವುದು ಪಾನಕ ಮತ್ತು ಕೋಸಂಬರಿ. ಹೊರಗೆ ಮುಂಬಯಿಯ ಬಿಸಿಲು, ಬೆವರು. ಒಳಗೆ ಬೆಲ್ಲ, ಶುಂಠಿ, ಏಲಕ್ಕಿಗಳ ಪರಿಮಳ. ಒಂದು ಲೋಟ ಪಾನಕ ಕುಡಿದು ತಂಪಾಗುವ ನಾವು ಅದರ ಹಿಂದಿರುವ ದೀರ್ಘ ಪರಂಪರೆಯನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ.

ಪಾನಕ ಕನ್ನಡ ನಾಡಿಗೆ ಹೊಸತಲ್ಲ. ಆಯುರ್ವೇದದ ಪ್ರಾಚೀನ ಸಂಹಿತೆಗಳಲ್ಲಿಯೇ ಪಾನಕಗಳ ಉಲ್ಲೇಖವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆ ಪಾನೀಯಭೋಗಕ್ಕೂ ಪ್ರತ್ಯೇಕ ಸ್ಥಾನವುಂಟು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಆಂಧ್ರದ ಮಂಗಳಗಿರಿಯಲ್ಲಿಯಂತೂ ನರಸಿಂಹದೇವರ ಹೆಸರೇ ಪಾನಕಾಲ ನರಸಿಂಹಸ್ವಾಮಿ. ಅಲ್ಲಿ ಭಕ್ತರು ತಂದ ಬೆಲ್ಲದ ಪಾನಕವನ್ನು ಶಂಖದಿಂದ ದೇವರ ಬಾಯಿಗೆ ಎರೆಯುತ್ತಾರೆ; ಉಳಿದ ಭಾಗ ಪ್ರಸಾದವಾಗಿ ಭಕ್ತರಿಗೆ ಮರಳುತ್ತದೆ. ಅಷ್ಟು ಬೆಲ್ಲದ ನೀರು ಚೆಲ್ಲಿದರೂ ಅಲ್ಲಿ ಇರುವೆ ಸುಳಿಯುವುದಿಲ್ಲವೆಂಬುದು ಪ್ರತೀತಿ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಸುರಾಪಾನವು ಪಂಚಮಹಾಪಾತಕಗಳಲ್ಲಿ ಒಂದು. ಮನುಸ್ಮೃತಿಯ 11ನೆಯ ಅಧ್ಯಾಯವು ಸುರೆಯಲ್ಲಿ ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರು ಬಗೆಗಳನ್ನು ಹೇಳುತ್ತದೆ. (ಕೊನೆಯದು ಮಧುವಿನ ಸಂಬಂಧದಿಂದ ಬಂದ ಹೆಸರು, ಮಾಧ್ವರು ಗಾಬರಿಯಾಗಬೇಕಾಗಿಲ್ಲ.) ಪೈಷ್ಟೀ ಹಿಟ್ಟಿನಿಂದಾದದ್ದು. ಗೌಡೀ ಎಂದರೆ ಗುಡದಿಂದ, ಅಂದರೆ ಬೆಲ್ಲದಿಂದ ಆದದ್ದು. ಹಾಗಾದರೆ ದೇವರಿಗೆ ನಿವೇದಿಸುವ ಪಾನಕಕ್ಕೂ ಮಹಾಪಾತಕಕ್ಕೆ ಕಾರಣವಾದ ಗೌಡಿಗೂ ಮೂಲದ್ರವ್ಯ ಒಂದೇ: ಬೆಲ್ಲ ಮತ್ತು ನೀರು. ಎರಡನ್ನೂ ಬೇರ್ಪಡಿಸುವುದು ಕಾಲ.

ಬೆಲ್ಲದಲ್ಲಿಯೂ ಹಸಿ ಶುಂಠಿಯ ಸಿಪ್ಪೆಯ ಮೇಲೂ ಕಣ್ಣಿಗೆ ಕಾಣದ ಕಿಣ್ವಜೀವಿಗಳಿರುತ್ತವೆ. ಇಂತಹ ಜೀವಿಗಳೇ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಯೋಗಗಳಿಂದ ತೋರಿಸಿದನು. ನಮ್ಮ ಹಿರಿಯರು ಸೂಕ್ಷ್ಮದರ್ಶಕವನ್ನು ಕಂಡವರಲ್ಲ. ಆದರೂ ಹುದುಗಿಸಿದ ಆಸವ, ಅರಿಷ್ಟಗಳನ್ನು ವೈದ್ಯರ ಔಷಧಗಳ ಸಾಲಿಗೆ ಸೇರಿಸಿದರು. ಪಾನಕವನ್ನು ದೇವರ ಮನೆಯಲ್ಲಿ ಉಳಿಸಿಕೊಂಡರು. ಹಳಸಿದ, ರಾತ್ರಿ ಕಳೆದ ಆಹಾರವನ್ನು ಶ್ರೀಕೃಷ್ಣನು ಗೀತೆಯ 17ನೆಯ ಅಧ್ಯಾಯದಲ್ಲಿ ತಾಮಸವೆಂದು ಹೇಳಿದ್ದಾನೆ. ಮಡಿಯಲ್ಲಿ ಅಂದೇ ಮಾಡಿ, ಅಂದೇ ನಿವೇದಿಸಿ, ಅಂದೇ ಹಂಚುವ ಮಠದ ಪದ್ಧತಿಯನ್ನು ಕೇವಲ ಕಟ್ಟುನಿಟ್ಟೆಂದು ತಿಳಿಯುವವರು ಈ ಮಾತನ್ನು ಯೋಚಿಸಬೇಕು.

ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವರು ಈ ಪದ್ಧತಿಯನ್ನು ಜೊತೆಗೇ ತಂದರು. ಊರಿನಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ವಾಡಿಕೆ. ನಗರದಲ್ಲಿ ಆ ಸ್ಥಾನ ಬೇಗನೆ ಚಹಾ, ಕಾಫಿಗಳ ಪಾಲಾಯಿತು. 1925ರಲ್ಲಿ ಸ್ಥಾಪನೆಯಾಗಿ ಸಾಯನ್‌ನ ಗೋಕುಲದಲ್ಲಿ ನೆಲೆಯಾದ ಬಿ.ಎಸ್.ಕೆ.ಬಿ. ಅಸೋಸಿಯೇಶನ್, ಅಂಧೇರಿಯ ಅದಮಾರು ಮಠ, ಸಾಂತಾಕ್ರೂಜ್‌ನ ಪೇಜಾವರ ಮಠ, ಮೀರಾ ರೋಡಿನ ಪಲಿಮಾರು ಮಠ ಇವೆಲ್ಲ ಊರಿನ ಆಚರಣೆಗಳಿಗೆ ಇಲ್ಲಿ ಆಸರೆಯಾದವು. ಪಲಿಮಾರು ಮಠದ ಪಟ್ಟದ ದೇವರು ಶ್ರೀರಾಮನೇ. ಶ್ರೀಮದಾಚಾರ್ಯರು ಶ್ರೀ ಹೃಷೀಕೇಶತೀರ್ಥರಿಗೆ ಕರುಣಿಸಿದ ವಿಗ್ರಹವದು.

ಉಡುಪಿಯ ಹೆಸರು ಈ ನಗರದಲ್ಲಿ ಮನೆಮಾತಾದದ್ದು ಹೋಟೆಲುಗಳಿಂದ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ರೈಲು ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅದಕ್ಕೊಂದು ನಿದರ್ಶನ. ಆದರೆ ಉಡುಪಿ ಹೋಟೆಲುಗಳು ಪ್ರಸಿದ್ಧವಾದದ್ದು ಇಡ್ಲಿ, ದೋಸೆ, ಕಾಫಿಗಳಿಗೆ ಹೊರತು ಪಾನಕಕ್ಕಲ್ಲ. ದಿನವಿಡೀ ಕಾದಿರಿಸಿ ಮಾರುವ ವಸ್ತು ಅದಾಗಿರಲಿಲ್ಲ. ಅದು ಮನೆಯಲ್ಲಿ, ಮಠದಲ್ಲಿ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು.

ಆ ಹೊತ್ತಿಗಾಗಲೇ ಮುಂಬಯಿಗೆ ತನ್ನದೇ ಆದ ಶುಂಠಿಯ ಪೇಯವಿತ್ತು. ಪಾರಸಿ ಉದ್ಯಮಿಗಳು 1865ರಲ್ಲಿ ಪಾಲನ್‌ಜೀಸ್, 1889ರಲ್ಲಿ ಡ್ಯೂಕ್ಸ್ ಸೋಡಾ ಕಾರ್ಖಾನೆಗಳನ್ನು ತೆರೆದರು. ಗೋಲಿಯ ಬಾಟಲಿಗಳಲ್ಲಿ ಜಿಂಜರ್ ಸೋಡಾ ಜನಪ್ರಿಯವಾಯಿತು. ಅದರ ಗುಳ್ಳೆ ಹುದುಗಿನದಲ್ಲ, ಯಂತ್ರದಿಂದ ತುಂಬಿದ ಅನಿಲದ್ದು. ಆದ್ದರಿಂದ ಅದರಲ್ಲಿ ಅಮಲಿಲ್ಲ. ಇಂಗ್ಲೆಂಡಿನಲ್ಲಿ 18ನೆಯ ಶತಮಾನದಿಂದ ಬಳಕೆಯಲ್ಲಿದ್ದ ಜಿಂಜರ್ ಬಿಯರ್ ಇದಕ್ಕಿಂತ ಭಿನ್ನ. ಅದು ಶುಂಠಿ, ಸಕ್ಕರೆ, ನೀರುಗಳನ್ನು ಹುದುಗಿಸಿಯೇ ಮಾಡುತ್ತಿದ್ದ ಪೇಯ. ಇಂದು ಅಂಗಡಿಯಲ್ಲಿ ಅದೇ ಹೆಸರಿನಿಂದ ಸಿಗುವುದು ಬಹುಮಟ್ಟಿಗೆ ಅಮಲಿಲ್ಲದ್ದಾದರೂ ಬಾಟಲಿಯ ಮೇಲಿನ ಬರಹವನ್ನು ಓದಿ ಕೊಳ್ಳುವುದು ಲೇಸು.

1939ರ ಆಗಸ್ಟ್ 1ರಂದು ಬಾಳಾಸಾಹೇಬ ಖೇರರ ಸರಕಾರ ಈ ನಗರದಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. 1949ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಬಂದಿತು. ಮದ್ಯಸಾರವುಳ್ಳ ಔಷಧಗಳನ್ನು ಏನು ಮಾಡಬೇಕೆಂಬ ಪ್ರಶ್ನೆ 1951ರಲ್ಲಿ ಬಲ್ಸಾರಾ ಪ್ರಕರಣದ ಮೂಲಕ ಸುಪ್ರೀಂ ಕೋರ್ಟಿನ ವರೆಗೆ ಹೋಗಿ, ಅವುಗಳಿಗೆ ಸಂಬಂಧಿಸಿದ ನಿರ್ಬಂಧ ಬಿದ್ದುಹೋಯಿತು. ಮುಂದೆ ಕಾಯಿದೆಯ ಬಿಗಿಯೂ ಸಡಿಲವಾಯಿತು. ಹಿಂದಿನ ದಿನದ ಪಾನಕ ಇಂದಿಗಾಗದು ಎಂಬ ನಿಯಮಕ್ಕೆ ಮಾತ್ರ ಯಾವ ಕಾಯಿದೆಯೂ ಬೇಕಾಗಿರಲಿಲ್ಲ.

ಮನೆಯಲ್ಲಿ ಮಾಡುವ ಕ್ರಮ ಸುಲಭ. ಒಂದು ಲೀಟರು ನೀರಿಗೆ ಸುಮಾರು 150 ಗ್ರಾಂ ಬೆಲ್ಲ ಸಾಕು. ಮುಂಬಯಿಯಲ್ಲಿ ಕೊಲ್ಹಾಪುರದ ಬೆಲ್ಲ ಯಥೇಚ್ಛವಾಗಿ ದೊರೆಯುತ್ತದೆ. ಬೆಲ್ಲವನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ತೆಳುಬಟ್ಟೆಯಲ್ಲಿ ಶೋಧಿಸಬೇಕು. ಒಂದು ಚಮಚ ಒಣಶುಂಠಿಯ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ನಾಲ್ಕೈದು ಏಲಕ್ಕಿ ಸೇರಿಸಬೇಕು. ಹಸಿ ಶುಂಠಿಯನ್ನೇ ಬಳಸುವವರು ಸಿಪ್ಪೆ ತೆಗೆದು ಜಜ್ಜಿ, ರಸವನ್ನು ಹತ್ತು ನಿಮಿಷ ಬಿಟ್ಟು, ತಳದಲ್ಲಿ ಕೂರುವ ಬಿಳಿ ಗಸಿಯನ್ನು ಬಿಟ್ಟು ತಿಳಿಯನ್ನಷ್ಟೇ ತೆಗೆದುಕೊಳ್ಳುತ್ತಾರೆ. ನಿಂಬೆರಸ ಕೊನೆಯಲ್ಲಿ. ಹುಳಿ ಬೀಳುವುದರಿಂದ ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಸಲ್ಲದು. ಮೇಲೆ ತುಳಸೀದಳವಿಟ್ಟು ನಿವೇದಿಸುವುದು.

ತಂಪು ಪೆಟ್ಟಿಗೆಯಲ್ಲಿಟ್ಟರೆ ನಾಳೆಗೂ ಬಾರದೇ ಎಂದು ಕೇಳುವವರಿದ್ದಾರೆ. ತಂಪಿನಲ್ಲಿ ಹುದುಗು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಉಳಿಯಿತೆಂದು ತೋರಿದರೆ ಸಂಜೆಯೊಳಗೆ ಅಕ್ಕಪಕ್ಕದ ಮನೆಗಳಿಗೆ, ಕಟ್ಟಡದ ಕಾವಲುಗಾರನಿಗೆ ಒಂದೊಂದು ಲೋಟ ಕೊಟ್ಟು ಪಾತ್ರೆಯನ್ನು ತೊಳೆದು ಕವುಚಿಡುವುದು ಹಿಂದಿನಿಂದ ಬಂದ ರೂಢಿ.