ಮನೆ ನೆನಪಾಗಿ ಅತ್ತವರು ಸೇನೆಗೆ ಲಾಯಕ್ಕಲ್ಲವೇ?

ಹೀಗೊಂದು ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ನಮ್ಮ ಉತ್ತರ: ತಪ್ಪು.

ಶಂಕರಪುರದಿಂದ ಬೆಳಗಾವಿಯ ಸಾಂಬ್ರಾ ವಾಯುಪಡೆ ತರಬೇತಿ ಶಾಲೆಗೆ ಹೋಗುವ ಅಗ್ನಿವೀರರಿಗೆ ಊಟ, ಭಾಷೆ, ನಿದ್ದೆಯ ಹೊತ್ತು ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಆಗ ಎದೆ ಜೋರಾಗಿ ಬಡಿದುಕೊಳ್ಳುವುದು ಅಡ್ರಿನಾಲಿನ್ ಕೆಲಸ, ಹೇಡಿತನವಲ್ಲ.

ತಯಾರಿ ಹೇಗೆ?

• ಒಂದು ತಿಂಗಳ ಮೊದಲೇ ಬೇಗ ಮಲಗಿ, ಮನೆಯವರು ಮಲ್ಲಿಗೆ ಕೊಯ್ಯಲು ಏಳುವ ಹೊತ್ತಿಗೇ ಎದ್ದು ಓಡಿ.
• ದಿನಾ ಸ್ವಲ್ಪ ಹಿಂದಿ ಮಾತಾಡಿ. ಮೊಬೈಲ್ ಬದಿಗಿಟ್ಟು ಅಭ್ಯಾಸ ಮಾಡಿ.
• ಯಾರಾದರೂ ಗದರಿದಾಗ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡಿ, ಎದೆಬಡಿತ ಇಳಿಯುತ್ತದೆ.
• ಇಡೀ ತರಬೇತಿ ನೆನೆದು ಹೆದರಬೇಡಿ. ಮುಂದಿನ ಊಟದವರೆಗೆ ಮಾತ್ರ ಯೋಚಿಸಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಬಂದರೆ ಮುಚ್ಚಿಡಬೇಡಿ. ಅಲ್ಲಿನ ವೈದ್ಯರಿಗೆ ಹೇಳಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫಾರ್ವರ್ಡ್ ಮಾಡುವುದಾದರೆ ಈ ನಂಬರ್ ಮಾಡಿ.